ಓರೆ ದಡಿ

ಬಸಲಿಂಗವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು, ಎದ್ದಳು, ಹಂಡೆಯಲ್ಲಿ ಉಳಿದಿದ್ದ ಎರಡು ತಂಬಿಗೆ ನೀರನ್ನು ಮೈಮೇಲೆ ಸುರುವಿಕೊಂಡು ಹೊರಗೆ ಬಂದಳು. ಅರವತ್ತೇಳು ತುಂಬಿದ ಹೆಂಗಸು ಹೀಗೆ ಬಿದ್ದು ಹೀಗೆ ಎದ್ದು ಬಂದರೆ ಒಂದು ಕಾಲಕ್ಕೆ ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಈಗ ಕೆಂಪುಗುಡ್ಡದ ನೇಕಾರ ಓಣಿಯಲ್ಲಿ ಅದೊಂದು ಮಾತೇ ಅಲ್ಲ. ಓಣಿಯ ಮುದುಕಿಯರು ಮೊದಲಿನಂತೆಯೇ ಬೀಳುತ್ತಿದ್ದರು. ಮುರಿಯುತ್ತಿರಲಿಲ್ಲ, ಅಷ್ಟೇ.

ಅದಕ್ಕೆ ಕಾರಣ ಮೂರು ತಿಂಗಳಿಗೊಮ್ಮೆ ತೋಳಿಗೆ ಚುಚ್ಚುವ ಒಂದು ಔಷಧಿ. ಧಾರವಾಡದ ಸಂಶೋಧನಾಲಯದಲ್ಲಿ ಅದಕ್ಕೆ ಅಂಕಿ ಅಕ್ಷರ ಸೇರಿಸಿದ ಉದ್ದನೆಯ ಹೆಸರಿತ್ತು. ಓಣಿಯವರು ಅದನ್ನು ಹಸಿ ಸೂಜಿ ಎಂದರು. ಅದನ್ನು ಓಣಿಗೆ ತಂದವಳು ಬಸಲಿಂಗವ್ವನ ಸೊಸೆ ಮಧುಮತಿ. ಮೂಳೆಗಳು ಎಷ್ಟು ಭಾರಕ್ಕೆ ಹೇಗೆ ಮುರಿಯುತ್ತವೆ ಎಂಬುದರ ಮೇಲೆ ಡಾಕ್ಟರೇಟು ಮಾಡಿದವಳು. ವಾರವೆಲ್ಲ ಧಾರವಾಡದಲ್ಲಿ, ಶನಿವಾರ ಭಾನುವಾರ ಅತ್ತೆಯ ಮನೆಯಲ್ಲಿ.

ಮೊದಲ ಸಲ ಅವಳು ಓಣಿಯ ಹೆಂಗಸರನ್ನು ಶಾಲೆಯ ಕೋಣೆಯಲ್ಲಿ ಸೇರಿಸಿದಾಗ ಕೈಯಲ್ಲಿ ಮೂರು ಕಡ್ಡಿಗಳಿದ್ದವು. ಒಂದು ಹಸಿ ಬೇವಿನದು. ಅದನ್ನು ಬಾಗಿಸಿದಳು. ಹೊರಮಗ್ಗುಲು ಸೀಳಿತು, ಒಳಮಗ್ಗುಲು ಹಾಗೇ ಹಿಡಿದುಕೊಂಡಿತು.

"ಇದು ಹುಡುಗರ ಮೂಳಿ. ಗಿಡದ ಮ್ಯಾಲಿಂದ ಬಿದ್ರೂ ಎರಡು ತುಂಡಾಗೂದು ಕಡಿಮಿ. ಬಾಗತೈತಿ, ಒಂದು ಕಡೆ ಸೀಳತೈತಿ. ಯಾಕಂದ್ರ ಮೂಳಿಯೊಳಗ ಸುಣ್ಣಾನೂ ಇರತೈತಿ, ನಾರೂ ಇರತೈತಿ. ಹುಡುಗರದರಾಗ ನಾರಿನ ಜೋರು ಹೆಚ್ಚು."

ಎರಡನೆಯದು ತೇಗಿನ ಬಡಿಗೆ. "ಇದು ಪ್ರಾಯದವರದು. ಸುಮ್ಮನ ಬಿದ್ರ ಏನೂ ಆಗಂಗಿಲ್ಲ. ಇದನ್ನ ಮುರೀಬೇಕಂದ್ರ ಲಾರಿ ಬೇಕು."

ಅಷ್ಟು ಹೇಳಿ ಅವಳು ಬಡಿಗೆಯನ್ನು ಮೇಜಿನ ಮೇಲಿಟ್ಟಳು. ಹೆದ್ದಾರಿಯಲ್ಲಿ ಬೈಕಿಗೆ ಹೊಡೆದ ಲಾರಿಯ ವಿಷಯ ಓಣಿಗೆಲ್ಲ ಗೊತ್ತಿತ್ತು. ಅವಳ ಗಂಡ ವಿರೂಪಾಕ್ಷನಿಗೆ ಆಗ ಮೂವತ್ತನಾಲ್ಕು. ಎರಡೂ ತೊಡೆಯ ಮೂಳೆ ಚೂರಾಗಿ, ರಕ್ತವೆಲ್ಲ ಒಳಗೇ ಸೋರಿ, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದ.

ಮೂರನೆಯದು ಒಣಗಿದ ತೊಗರಿ ಕಟ್ಟಿಗೆ. ಅವಳು ಅದನ್ನು ಮುರಿಯಲೂ ಬೇಕಾಗಲಿಲ್ಲ, ಎತ್ತುವಾಗಲೇ ಲಟಕ್ಕೆಂದಿತು. "ಇದು ನಿಮ್ಮದು. ಐವತ್ತು ದಾಟಿದ ಮ್ಯಾಲೆ ಮುಗ್ಗರಿಸಿದ್ರ ಕೈ ಊರತೀವಿ, ಮುಂಗೈ ಹೋಗತೈತಿ. ಅರವತ್ತರಾಗ ಬೀಳದಿದ್ರೂ ಬೆನ್ನಿನ ಮಣಿ ಕುಸೀತಾವ. ಎಪ್ಪತ್ತರ ಆಚೆ ಕೈ ಊರುವಷ್ಟು ಚುರುಕು ಉಳಿಯಂಗಿಲ್ಲ, ಮಗ್ಗಲಿಗೇ ಬೀಳತೀವಿ. ತೊಡಿ ಬುಡ ಮುರದು ಹಾಸಿಗಿ ಹಿಡಿಯೂದು ಆವಾಗನ. ಈ ಸೂಜಿ ಒಣಗಿದ ನಾರನ್ನ ಮತ್ತ ಹಸಿ ಮಾಡತೈತಿ."

ಎದುರುಮನೆ ಶಿವಲೀಲವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಹಂಗಾರ ನಮ್ಮನ್ನೆಲ್ಲ ಹುಡುಗ್ಯಾರನ ಮಾಡತೀ ಅನ್ನು. ನಾಳೆ ಪಾಟೀಚೀಲಾ ಕೊಟ್ಟು ಸಾಲೀಗೂ ಕಳಸತೀಯೇನು?"

"ನಿನ್ನ ಯಾವ ಮಾಸ್ತರು ಸೇರಿಸಿಕೋತಾನ ಬಿಡ," ಎಂದಳು ಬಸಲಿಂಗವ್ವ, ಮತ್ತು ಎಲ್ಲರಿಗಿಂತ ಮೊದಲು ತೋಳು ಚಾಚಿದಳು. ಅವಳ ಬಲ ಮುಂಗೈ ಆಗಲೇ ಒಮ್ಮೆ ಮುರಿದು ಸೊಟ್ಟಗೆ ಕೂಡಿತ್ತು. ಆದರೆ ತೋಳು ಚಾಚಿದ್ದು ಅದಕ್ಕಲ್ಲ. ಸೊಸೆ ಕೇಳಿದ್ದಳು, ಅದಕ್ಕೆ.

ಧಾರವಾಡದ ಸಂಶೋಧನಾಲಯದಲ್ಲಿ ಒಂದು ಕೋಣೆಗೆ ಕೇಳುಕೋಣೆ ಎಂದು ಹೆಸರು ಬಿದ್ದಿತ್ತು. ಸೂಜಿ ತೆಗೆದುಕೊಂಡ ಪ್ರತಿಯೊಬ್ಬರ ಎಡಗಾಲಿಗೂ ಒಂದು ತೆಳ್ಳನೆಯ ಪಟ್ಟಿ. ಅದು ತಾಸಿಗೊಮ್ಮೆ ಮೂಳೆಯನ್ನು ಮೆಲ್ಲಗೆ ನಡುಗಿಸಿ, ಆ ಸದ್ದು ಎಷ್ಟು ಬಿಗಿಯಾಗಿದೆ ಎಂದು ಕೇಳಿ, ಇಲ್ಲಿಗೆ ಕಳಿಸುತ್ತಿತ್ತು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಾರಿಸಿ ನೋಡುವುದಿಲ್ಲವೇ, ಹಾಗೆ. ಗೋಡೆಯ ಪರದೆಯ ಮೇಲೆ ಒಬ್ಬೊಬ್ಬರೂ ಒಂದೊಂದು ಹಸಿರು ಚುಕ್ಕೆ. ಬಿದ್ದರೆ ಚುಕ್ಕೆ ಆ ಕ್ಷಣವೇ ಹಳದಿಯಾಗುತ್ತಿತ್ತು, ಮುಂದಿನ ಸದ್ದಿನಲ್ಲಿ ಮೂಳೆ ಮುರಿದದ್ದು ಕೇಳಿದರೆ ಕೆಂಪು, ಇಲ್ಲದಿದ್ದರೆ ಮತ್ತೆ ಹಸಿರು. ಎರಡು ವರ್ಷದಿಂದ ಅಲ್ಲಿ ಕೆಂಪು ಮೂಡಿರಲಿಲ್ಲ.

"ಸರಕಾರದವರು ಒಪ್ಪಿದ್ದಾರ," ಎಂದು ನಿರ್ದೇಶಕಿ ಮೃಣಾಲಿನಿ ಹುಯಿಲಗೋಳ ಒಂದು ಶುಕ್ರವಾರ ಹೇಳಿದರು. "ಯುಗಾದಿ ಆದಮ್ಯಾಲೆ ರಾಜ್ಯದಾಗ ಅರವತ್ತು ದಾಟಿದ ಎಲ್ಲಾರಿಗೂ. ಮೂಳಿ ಬಲದ ವರದಿಗೆ ನಿನ್ನ ಸಹಿ ಬೇಕು ಮಧುಮತಿ. ಸೋಮವಾರ ಹಾಕಿಕೊಡು."

ಕೇಳುಕೋಣೆಯ ಎಂಜಿನಿಯರು ಶರೀಫ ಪೇಡೆ ಹಂಚಿದ. ಮಧುಮತಿ ಒಂದನ್ನು ಕಾಗದದಲ್ಲಿ ಸುತ್ತಿ ಅತ್ತೆಗೆಂದು ಚೀಲದಲ್ಲಿ ಹಾಕಿಕೊಂಡಳು.

ಮರುದಿನ ಅವಳು ಓಣಿಗೆ ಕಾಲಿಟ್ಟಾಗ ಮನೆಯ ಮುಂದೆ ಜಗಳ ನಡೆದಿತ್ತು. ಕಟ್ಟೆಯ ಮೇಲೆ ಬಸಲಿಂಗವ್ವ, ಕೆಳಗೆ ನೇಕಾರ ಪರಪ್ಪ, ನಡುವೆ ಬಿಚ್ಚಿ ಬಿದ್ದ ಕೆಂಪು ಅಂಚಿನ ಹೊಸ ಸೀರೆ. ಸುತ್ತ ಏಳೆಂಟು ಹೆಂಗಸರು.

"ನಿಮ್ಮಪ್ಪ ನೇದ ಸೀರಿ ಉಟ್ಟಾಕಿ ನಾ," ಎಂದಳು ಬಸಲಿಂಗವ್ವ. "ಒಂದರ ದಡಿ ಹಿಂಗ ಓರಿ ಇತ್ತೇನು? ಎಡಕ್ಕ ನೋಡು, ನೆಲಾ ಬಳೀತೈತಿ. ಬಲಕ್ಕ ನೋಡು, ಹಿಮ್ಮಡಿ ಕಾಣತೈತಿ."

"ನನಗೂ ಹಂಗ ಕೊಟ್ಟಾನ," ಎಂದಳು ಶಿವಲೀಲವ್ವ. "ಇವನ ಮಗ್ಗಾನ ಒಂದ ಕಡೆ ವಾಲೇತಿ."

"ಮೂರು ಸಲ ಮಗ್ಗದ ಹಣಿಗಿ ಬಿಚ್ಚಿ ನೋಡೇನಿ," ಎಂದ ಪರಪ್ಪ. ಐವತ್ತರ ಗಂಡಸು, ಸಿಟ್ಟಿಗೆ ದನಿ ಸೀಳಿತ್ತು. "ಒಂದ ಎಳಿ ಆಚೀಚಿ ಇಲ್ಲ. ಓಣ್ಯಾಗಿನ ಎಲ್ಲಾ ಅಜ್ಜೇರಿಗೂ ನನ್ನ ಸೀರೀನ ಓರೀನು? ಅಷ್ಟು ಬ್ಯಾಸರಾಗಿದ್ರ ಪ್ಯಾಟಿ ಸೀರಿ ಉಡ್ರಿ."

"ಉಡತೀವಿ ತಗೋ," ಎಂದು ಬಸಲಿಂಗವ್ವ ಸೀರೆಯನ್ನು ಅವನ ಹೆಗಲಿಗೆ ಎಸೆದಳು. ನಲವತ್ತು ವರ್ಷ ಆ ಮನೆಯ ಮಗ್ಗಕ್ಕೆ ನೂಲು ಸುತ್ತಿಕೊಟ್ಟವಳು ಆ ಮನೆಯ ಸೀರೆಯನ್ನು ಎಸೆದದ್ದು ಅದೇ ಮೊದಲು.

ಮಧುಮತಿ ಚೀಲ ಇಳಿಸದೆ ನಿಂತಿದ್ದಳು. ಎಲ್ಲಾ ಅಜ್ಜೇರಿಗೂ, ಎಂದಿದ್ದ ಪರಪ್ಪ. ಅವಳು ಅವನ ಹೆಗಲಿನಿಂದ ಸೀರೆ ತೆಗೆದುಕೊಂಡು ಒಣಗಲು ಹಾಕುವ ಹಗ್ಗದ ಮೇಲೆ ಇಳಿಬಿಟ್ಟಳು, ದಡಿಗೆ ದಡಿ ಕೂಡಿಸಿ ಮಡಚಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಚೂಡಿದಾರದ ಮೇಲೆಯೇ ಅದನ್ನು ತಾನು ಸುತ್ತಿಕೊಂಡಳು. ದಡಿ ಸುತ್ತಲೂ ನೆಲಕ್ಕೆ ಸಮನಾಗಿ ನಿಂತಿತು.

ಗಂಡ ಹೋದ ಮೇಲೆ ಅವಳ ಮೈಮೇಲೆ ಕೆಂಪು ದಡಿ ಬಿದ್ದಿರಲಿಲ್ಲ. ಬಸಲಿಂಗವ್ವ ಒಂದು ಗಳಿಗೆ ಜಗಳ ಮರೆತಳು. "ನಿನಗ ಒಪ್ಪತೈತಿ," ಎಂದಳು.

ಮಧುಮತಿ ಸೀರೆ ಬಿಚ್ಚಿ ಪರಪ್ಪನ ಕೈಗಿತ್ತು, "ಸೀರಿ ನೆಟ್ಟಗೈತಿ ಕಾಕಾ," ಎಂದಳು. "ಅತ್ತಿ, ಒಳಗ ಬರ್ರಿ. ಕಾಲು ತೋರಸ್ರಿ."

ಎರಡೂ ಕಾಲು ಜೋಡಿಸಿ ಚಾಪೆಯ ಮೇಲೆ ಚಾಚಿಸಿದಳು. ಬಲಗಾಲು ನೆಟ್ಟಗಿತ್ತು. ಎಡಗಾಲಿನ ಕಣಕಾಲ ಮೂಳೆ ಮೊಣಕಾಲಿನ ಕೆಳಗಿನಿಂದ ಹೊರಕ್ಕೆ ಬಾಗಿ, ಹಿಮ್ಮಡಿಯ ಹತ್ತಿರ ಮತ್ತೆ ಒಳಕ್ಕೆ ಬಂದಿತ್ತು. ಬಾಗಿದಷ್ಟು ಕಾಲು ಗಿಡ್ಡಾಗಿತ್ತು. ನೋವಿರಲಿಲ್ಲ. ಮೆಲ್ಲಗೆ, ಎರಡು ವರ್ಷ ಹಿಡಿದು ಆದದ್ದು. ಸೀರೆಯ ಒಳಗೆ ಯಾರಿಗೂ ಕಂಡಿರಲಿಲ್ಲ.

"ನೀವು ರಾಟಿ ಮುಂದ ಹೆಂಗ ಕುಂದರತೀರಿ, ಒಮ್ಮೆ ಕುಂದ್ರಿ," ಎಂದಳು.

ಬಸಲಿಂಗವ್ವ ರಾಟಿಯ ಮುಂದೆ ಕುಳಿತಳು. ಬಲಗೈ ಚಕ್ರಕ್ಕೆ, ಎಡಗೈ ಕಂಡಿಕೆಗೆ. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ಆ ಓಣಿಯಲ್ಲಿ ಹಾಗೆನ್ನುತ್ತಾರೆ. ಬಲ ಮೊಣಕಾಲು ಮೇಲೆ, ಎಡಗಾಲು ಮಡಿಚಿ ಮೈಯಡಿಗೆ. ಮೊಣಕಾಲು ಒಂದು ಕಡೆ ನೆಲ ಮುಟ್ಟಿ, ಹಿಮ್ಮಡಿ ಇನ್ನೊಂದು ಕಡೆ ನೆಲ ಮುಟ್ಟಿ, ನಡುವಿನ ಮೂಳೆ ಎರಡು ಕಲ್ಲಿನ ಮೇಲಿಟ್ಟ ಹಲಗೆಯ ಹಾಗೆ ಇಡೀ ಮೈ ಹೊತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ. ಓಣಿಯ ಹೆಂಗಸರೆಲ್ಲ ಕೂರುವುದು ಹಾಗೆಯೇ. ಅವರ ತಾಯಂದಿರು ಕೂತದ್ದೂ ಹಾಗೆಯೇ. ಒಣ ಮೂಳೆ ಅದನ್ನು ತಡೆದುಕೊಂಡಿತ್ತು.

ಔಷಧಿಯ ಮೊದಲ ಪರೀಕ್ಷೆ ನಡೆದದ್ದು ಪಟ್ಟಣದ ವೃದ್ಧಾಶ್ರಮಗಳಲ್ಲಿ. ಅಲ್ಲಿ ಮಂಚವಿತ್ತು, ಕುರ್ಚಿಯಿತ್ತು. ನೆಲದ ಮೇಲೆ ಯಾರೂ ಕೂತಿರಲಿಲ್ಲ.

ಮಧುಮತಿ ಸಂಜೆಯೊಳಗೆ ಹನ್ನೊಂದು ಮನೆಗೆ ಹೋಗಿ ಬಂದಳು. ಎಲ್ಲ ಮನೆಯಲ್ಲೂ ಎಡಗಾಲು ಹಾಗೆಯೇ ಬಾಗಿತ್ತು. ಚೀಲದಲ್ಲಿದ್ದ ಪೇಡೆ ಒತ್ತಿ ಕಾಗದಕ್ಕೆ ಅಂಟಿಕೊಂಡಿತ್ತು.

"ನಾವು ಮೂಳಿಯನ್ನ ಬಿಗಿ ಎಷ್ಟದ ಅಂತ ಕೇಳಿದ್ವಿ," ಎಂದಳು ಸೋಮವಾರ ಧಾರವಾಡದಲ್ಲಿ, ನಿರ್ದೇಶಕಿಯ ಎದುರು. "ನೆಟ್ಟಗದ ಏನು ಅಂತ ಕೇಳಲಿಲ್ಲ. ಪಟ್ಟಿಗೆ ಅದು ಕೇಳಸೂದಿಲ್ಲ ಮೇಡಂ. ಹುಡುಗರ ಮೂಳಿನೂ ಬಾಗತದ, ಆದ್ರ ಬೆಳೀತ ಬೆಳೀತ ತಾನ ನೆಟ್ಟಗಾಗತದ. ನಾವು ಇವರಿಗೆ ಬಾಗೂದು ಕೊಟ್ವಿ. ಬೆಳವಣಿಗಿ ಕೊಡಲಿಕ್ಕೆ ಆಗಿಲ್ಲ."

ಹುಯಿಲಗೋಳ ಮೇಡಂ, ಅವಳು ಭಾನುವಾರ ತೆಗೆಸಿ ತಂದಿದ್ದ ಕಾಲುಗಳ ಎಕ್ಸ್‌ರೇ ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಳ್ಳೆಯ ವಿಜ್ಞಾನಿ. ಅವರ ತಾಯಿ ತೊಡೆಯ ಬುಡ ಮುರಿದು, ಹಾಸಿಗೆಯಲ್ಲಿ ನಾಲ್ಕು ತಿಂಗಳು ನರಳಿ ತೀರಿಹೋಗಿದ್ದರು. ಈ ಔಷಧಿ ಶುರುವಾದದ್ದೇ ಅಲ್ಲಿಂದ.

"ಬಾಗಿದ ಕಾಲಿಂದ ಯಾರೂ ಸಾಯೂದಿಲ್ಲ ಮಧುಮತಿ," ಎಂದರು ಕೊನೆಗೆ. "ಮುರಿದ ತೊಡಿಯಿಂದ ಸಾಯ್ತಾರ. ಸೊಟ್ಟ ಕಾಲಿನ ಜೀವಂತ ತಾಯಿ ಬೇಕೋ ಬ್ಯಾಡೋ ಅಂತ ನನ್ನ ಕೇಳು."

ಮಧುಮತಿಗೆ ಆ ಮಾತು ಸುಳ್ಳೆನ್ನಿಸಲಿಲ್ಲ. ಆದರೂ ಹೇಳಿದಳು. "ಈ ವರ್ಷ ಕಣಕಾಲು. ಮುಂದಿನ ವರ್ಷ ತೊಡಿ, ಬೆನ್ನು. ಗದ್ದಿಯೊಳಗ ಬಗ್ಗಿ ಕಳೆ ಕೀಳೋರದಾರ, ತಲಿ ಮ್ಯಾಲೆ ಕೊಡ ಹೊರೋರದಾರ. ರಾಜ್ಯದ ತುಂಬ ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸದ ಆಕಾರಕ್ಕ ಬಾಗತಾರ. ಸಹಿ ಹಾಕೂದಿಲ್ಲ ಮೇಡಂ."

"ಮತ್ತ ಏನು ಮಾಡ್ತಿ?"

"ಸೂಜಿ ಗುಣ ಪೂರ್ತಿ ಇಳೀಲಿಕ್ಕೆ ಇನ್ನೂ ಎರಡು ತಿಂಗಳದ. ಮೂಳಿ ಹಸಿ ಇರೂತನಕ ಬಾಗಿದ್ದನ್ನ ತಿರುಗಿ ಒತ್ತಿ ನೆಟ್ಟಗ ಮಾಡಬಹುದು. ಆಮ್ಯಾಲೆ ಅದು ನೆಟ್ಟಗಿದ್ದಂಗ ಗಟ್ಟಿಯಾಗಲಿ."

"ಗಟ್ಟಿಯಾಗುವಾಗ ಬಿದ್ರ?"

"ಮುರೀಬಹುದು."

ಹುಯಿಲಗೋಳ ಮೇಡಂ ಕನ್ನಡಕ ತೆಗೆದು ಒರೆಸಿದರು. "ಎರಡು ತಿಂಗಳು ಕೊಟ್ಟೆ. ಒಬ್ಬಾಕಿ ಮುರಕೊಂಡರೂ ನಿನ್ನ ಕೆಲಸ ಅಲ್ಲಿಗೆ ನಿಂತಿತು. ಎಲ್ಲಾರಿಗೂ ಮತ್ತ ಸೂಜಿ, ಕಾಲು ಹೆಂಗದಾವೋ ಹಂಗ. ಯೋಜನೆನೂ ಹಂಗ ನಡೀತದ."

ಮಧುಮತಿ ರಜೆ ಹಾಕಿ ಕೆಂಪುಗುಡ್ಡಕ್ಕೆ ಬಂದಳು. ಉಪಾಯ ಸರಳವಿತ್ತು. ಕಾಲಿನ ಉದ್ದಕ್ಕೆ ಒಂದು ಬಿದಿರ ದಬ್ಬೆ, ಒಳಮಗ್ಗುಲಿಗೆ. ಮೊಣಕಾಲಿನ ಹತ್ತಿರ ಒಂದು ಮೆತ್ತೆ, ಹಿಮ್ಮಡಿಯ ಹತ್ತಿರ ಒಂದು. ನಡುವೆ, ಮೂಳೆ ಉಬ್ಬಿದ ಕಡೆ, ದಬ್ಬೆಗೆ ಸೇರಿಸಿ ಎಳೆದು ಕಟ್ಟುವ ಅಗಲ ಪಟ್ಟಿ. ದಿನಕ್ಕೊಂದಿಷ್ಟು ಬಿಗಿ. ಆ ಪಟ್ಟಿ ಹಿಗ್ಗಬಾರದು, ಚರ್ಮ ಕೊರೆಯಲೂಬಾರದು. ಅಂಗಡಿಯ ಪಟ್ಟಿಗಳು ಎರಡೂ ಮಾಡಿದವು. ಕೊನೆಗೆ ಅಂಥ ಪಟ್ಟಿ ನೇಯಿಸಲು ಅವಳು ಪರಪ್ಪನ ಮನೆಗೆ ಹೋದಳು.

"ನನ್ನ ಮಗ್ಗ ವಾಲೇತಲ್ಲವಾ," ಎಂದ ಅವನು, ಲಾಳಿ ನಿಲ್ಲಿಸದೆ. "ಓರೆ ಪಟ್ಟಿ ತಗೊಂಡು ಏನು ಮಾಡತೀ?"

"ಓರೆ ಕಾಲಿಗೆ ಕಟ್ಟತೀನಿ ಕಾಕಾ."

ಅವನು ನಗಲಿಲ್ಲ. ಆದರೆ ಮರುದಿನ ಮಧ್ಯಾಹ್ನ ಒಂದು ಗಂಟು ಪಟ್ಟಿ ಕಟ್ಟೆಯ ಮೇಲಿಟ್ಟು, ಬಸಲಿಂಗವ್ವನ ಕಡೆ ನೋಡದೆ ಹೋದ.

ಬಿದಿರು, ಪಟ್ಟಿ ಸುಲಭದ ಮಾತು. ಕಷ್ಟದ್ದು ಕುರ್ಚಿ. ಎರಡು ತಿಂಗಳು ಯಾರೂ ನೆಲದ ಮೇಲೆ ಕೂರುವಂತಿಲ್ಲ. ಊಟ, ರಾಟಿ, ಹರಟೆ ಎಲ್ಲ ಕುರ್ಚಿಯ ಮೇಲೆ. ಮಧುಮತಿ ಮದುವೆಗೆ ಶಾಮಿಯಾನ ಹಾಕುವವನ ಹತ್ತಿರ ಪ್ಲಾಸ್ಟಿಕ್ ಕುರ್ಚಿಗಳನ್ನು ತರಿಸಿ ಮನೆಮನೆಯ ಮುಂದೆ ಇಳಿಸಿದಳು. ರಾಟಿಗಳು ಬೆಂಚು ಏರಿದವು. ಒಂದೊಂದು ಕಟ್ಟೆಗೂ ಒಬ್ಬೊಬ್ಬ ಅಜ್ಜಿ, ಎಡಗಾಲು ಬಿದಿರಿನಲ್ಲಿ ಕಟ್ಟಿಸಿಕೊಂಡು ಮುಂದೆ ಚಾಚಿ ಕುಳಿತಳು.

"ನೋಡಿದವರು ಏನಂದಾರು," ಎಂದಳು ಶಿವಲೀಲವ್ವ. "ಬೀಗರು ಬರೂದು ತಡಾ ಆದಂಗೈತಿ."

"ನಾನಂತೂ ತಹಶೀಲ್ದಾರಾದೆ," ಎಂದಳು ಬಸಲಿಂಗವ್ವ. "ಕುರ್ಚಿ ಮ್ಯಾಲೆ ಕುಂತು ರೊಟ್ಟಿ ತಿಂದ್ರ ಹೊಟ್ಟಿಗೇ ಹತ್ತವಲ್ದು."

ಮೂರನೆಯ ವಾರಕ್ಕೆ ಶಿವಲೀಲವ್ವ ಕಟ್ಟು ಬಿಚ್ಚಿ ಎಸೆದಳು. ನನಗೆ ಎಪ್ಪತ್ತೆಂಟು, ಸೊಟ್ಟ ಕಾಲಿಗೆ ಇನ್ನು ಯಾರೂ ಹೆಣ್ಣು ಕೇಳಲು ಬರಬೇಕಿಲ್ಲ, ನೆಲದ ಮೇಲೆ ಕೂತು ಸಾಯುತ್ತೇನೆ, ನನಗೆ ಸೂಜಿಯೇ ಇರಲಿ ಎಂದಳು. ಮಧುಮತಿ ಬೇಡವೆನ್ನಲಿಲ್ಲ. ಅವಳಿಗೆ ಸೂಜಿ ಕೊಡಿಸಿದಳು. ಕಾಲು ಅವಳದು.

ಬಸಲಿಂಗವ್ವನ ಕಾಲು ಅಷ್ಟು ಸುಲಭಕ್ಕೆ ಮಣಿಯಲಿಲ್ಲ. ಪಟ್ಟಿ ಬಿಗಿಯುವಾಗ ಅವಳು ಹಲ್ಲು ಕಚ್ಚಿ ಸೂರು ನೋಡುತ್ತಿದ್ದಳು. ಒಂದು ಸಂಜೆ ಅವಳೇ ಕೇಳಿದಳು.

"ಸಾಕು ಅಂದ್ರ ಬಿಡತೀಯೇನು?"

"ಶಿವಲೀಲವ್ವನ್ನ ಬಿಟ್ಟೆನಲ್ರಿ. ನಿಮ್ಮನ್ನೂ ಬಿಡತೀನಿ. ನೀವ ಹೇಳಬೇಕು."

ಬಸಲಿಂಗವ್ವ ಸಾಕು ಎನ್ನಲಿಲ್ಲ. "ಅವ ಹೋದಾಗಿಂದ ನೀನೂ ಒಂದ ಮಗ್ಗಲಿಗೆ ಕುಂತೀದಿ," ಎಂದಳು. "ನಿನಗ್ಯಾರು ದಬ್ಬಿ ಕಟ್ಟಬೇಕು?"

ಮಧುಮತಿಯ ಬೆರಳು ಗಂಟಿನ ಮೇಲೆ ನಿಂತವು. ಆಮೇಲೆ ಗಂಟು ಹಾಕಿದವು. "ನಾಳೆ ಇನ್ನೊಂದು ಎಳಿ ಬಿಗಿ ಮಾಡತೀನಿ," ಎಂದಳು.

"ಮಾಡು," ಎಂದಳು ಅತ್ತೆ.

ಏಳನೆಯ ವಾರ ಅವಳು ಧಾರವಾಡಕ್ಕೆ ಹೋಗಲೇಬೇಕಾಯಿತು. ಕೇಳುಕೋಣೆಯಲ್ಲಿ ಶರೀಫ ಅಂಕಿಗಳನ್ನು ತೋರಿಸುತ್ತಿದ್ದ. ಮೂಳೆಗಳ ಸದ್ದು ಏರತೊಡಗಿತ್ತು. ಹಸಿತನ ಇಳಿದು ಗಟ್ಟಿಯಾಗುತ್ತಿದ್ದವು. ಬೀಳಬಾರದ ದಿನಗಳೆಂದರೆ ಇವೇ. ಅವನು ಮಾತಿನ ನಡುವೆ ನಿಲ್ಲಿಸಿದ. ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಹಳದಿಯಾಗಿತ್ತು.

"ಯಾರದು?" ಎಂದಳು, ಗೊತ್ತಿದ್ದೂ.

"ನಿಮ್ಮ ಅತ್ತೆಯವರದು."

ಮುಂದಿನ ಸದ್ದು ಬರಲು ತಾಸು ಹಿಡಿಯುತ್ತದೆ. ಶರೀಫ ಆ ಕಾಲಿನ ಪಟ್ಟಿಗೆ ಈಗಲೇ ಕೇಳು ಎಂದು ಆಜ್ಞೆ ಕಳಿಸಿದ. ಚುಕ್ಕೆ ಹಳದಿಯಾಗಿಯೇ ಇತ್ತು. ಹುಯಿಲಗೋಳ ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದರು. ಯಾವಾಗ ಬಂದರೋ ತಿಳಿಯಲಿಲ್ಲ. ಮಧುಮತಿ ಫೋನು ಹಚ್ಚಿದಳು. ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದಳು.

"ಏನವಾ," ಎಂದಿತು ಆ ಕಡೆಯ ದನಿ, ಏದುಸಿರಿನಲ್ಲಿ.

"ಬಿದ್ರೇನ್ರಿ?"

"ಬಿದ್ದೆ. ನೀ ಅಲ್ಲೆ ಕುಂತು ಎಲ್ಲಾ ನೋಡತೀ, ಒಬ್ಬಾಕಿ ಬೀಳಾಕೂ ಬಿಡವಲ್ಲಿ. ಕುರ್ಚಿ ಜಾರಿತು. ಕುರ್ಚಿ ಕಾಲು ಮುರದೈತಿ."

"ನಿಮ್ಮದು?"

"ನಂದು ನೀ ಕಟ್ಟಿದಂಗ ಐತಿ. ಮುಂಗೈ ಸ್ವಲ್ಪ ಬಾತೈತಿ, ಅಷ್ಟ. ಶಾಮಿಯಾನದವಗ ಏನು ಹೇಳೂದು ಈಗ?"

ಪರದೆಯ ಮೇಲೆ ಚುಕ್ಕೆ ಹಸಿರಿಗೆ ತಿರುಗಿತು. ಶರೀಫ ನಕ್ಕ. ಮಧುಮತಿ ಫೋನನ್ನು ಮೇಜಿನ ಮೇಲಿಟ್ಟಳು. ತಿರುಗಿ ನೋಡಿದಾಗ ಬಾಗಿಲು ಖಾಲಿಯಿತ್ತು.

ಎರಡು ತಿಂಗಳು ತುಂಬಿದ ದಿನ ಹುಯಿಲಗೋಳ ಮೇಡಂ ಚಿತ್ರ ತೆಗೆಯುವ ಗಾಡಿಯೊಂದಿಗೆ ತಾವೇ ಕೆಂಪುಗುಡ್ಡಕ್ಕೆ ಬಂದರು. ಶಿವಲೀಲವ್ವ ತನ್ನ ಕಟ್ಟೆಯ ಮೇಲೆ, ನೆಲದಲ್ಲೇ, ರಾಟಿ ತಿರುಗಿಸುತ್ತ ಕುಳಿತಿದ್ದಳು. "ಕುಂದ್ರಿ ಬಾಯಾರ," ಎಂದು ಖಾಲಿ ಕುರ್ಚಿ ತೋರಿಸಿದಳು. "ಬೀಗರು ಇನ್ನೂ ಬಂದಿಲ್ಲ."

ಮೇಡಂ ಕುಳಿತರು. ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಬಹಳಷ್ಟು ಕಾಲುಗಳು ನೆಟ್ಟಗಾಗಿದ್ದವು. ಇಬ್ಬರದು ಅರ್ಧಕ್ಕೆ ನಿಂತಿತ್ತು. ಒಂದೂ ಮುರಿದಿರಲಿಲ್ಲ.

"ಯೋಜನೆ ಒಂದು ವರ್ಷ ಮುಂದಕ್ಕ ಹೋಗತದ," ಎಂದರು. "ನನಗ ಬೈತಾರ. ಬೈಲಿ. ನಿನ್ನ ವರದಿಯೊಳಗ ಮೊದಲನೇ ಪ್ರಶ್ನೆ ಯಾವುದು ಇರಬೇಕು, ನೀನ ಬರಿ."

"ಬರದೀನಿ ಮೇಡಂ. ನೀವು ದಿನವಿಡೀ ಹೆಂಗ ಕುಂದರತೀರಿ, ಅಂತ."

ಅಂದು ಸಂಜೆ ಬಸಲಿಂಗವ್ವ ಕಟ್ಟು ಬಿಚ್ಚಿಸಿಕೊಂಡು, ಸೊಸೆಯ ಹೆಗಲು ಹಿಡಿಯದೆ, ಪರಪ್ಪನ ಮನೆಗೆ ನಡೆದಳು. ಎಸೆದ ಸೀರೆಯನ್ನು ಕೇಳಿ ಇಸಿದುಕೊಂಡು ಒಳಗೆ ಹೋಗಿ ಉಟ್ಟು ಬಂದಳು. ಮಧುಮತಿ ನೆಲಕ್ಕೆ ಮೊಣಕಾಲೂರಿ ದಡಿ ನೋಡಿದಳು. ಎಡಕ್ಕೆ ಒಂದು ಬೆರಳು ತಗ್ಗಿತ್ತು.

"ಇನ್ನೂ ಒಂದು ಬೆರಳು ಓರೆ ಐತ್ರಿ," ಎಂದಳು.

"ಇರಲಿ ಬಿಡು. ಅಷ್ಟು ನಂದು," ಎಂದಳು ಬಸಲಿಂಗವ್ವ. ಆಮೇಲೆ ಮಗ್ಗದ ಕಡೆ ತಿರುಗಿದಳು. "ಪರಪ್ಪಾ, ಇನ್ನೊಂದು ನೇಯಿ. ಇಂಥಾದ್ದ, ಕೆಂಪು ದಡೀದು."

"ಯಾರಿಗೆ? ಮತ್ತ ಓರಿ ಅಂತ ಮುಖಕ್ಕ ಒಗದೀರಿ."

"ನನಗಲ್ಲೋ," ಎಂದಳು. "ಇಕೀಗೆ. ಅವತ್ತು ಉಟ್ಟಾಗ ಸಮಾ ನಿಂತಿತ್ತು, ನೀನೂ ನೋಡಿದಿ."

ಪರಪ್ಪ ಮಧುಮತಿಯ ಮುಖ ನೋಡಿದ. ಅವಳು ಇನ್ನೂ ಮೊಣಕಾಲೂರಿಯೇ ಇದ್ದಳು, ಅತ್ತೆಯ ದಡಿಯ ಅಂಚು ಬೆರಳಲ್ಲಿ ಹಿಡಿದು. ಬೇಡವೆನ್ನಲು ಬಾಯಿ ತೆರೆದವಳು ಎದ್ದು ನಿಂತಳು, ಮೊಣಕಾಲಿನ ಧೂಳು ಕೊಡವಿಕೊಂಡಳು.

"ಎಷ್ಟು ದಿನಾ ಹಿಡೀತೈತಿ ಕಾಕಾ?" ಎಂದು ಕೇಳಿದಳು.

"ನೂಲು ಸುತ್ತಿ ಕೊಡಾವರು ಇದ್ರ ಬೇಗ ಆಗತೈತಿ," ಎಂದ ಪರಪ್ಪ, ಲಾಳಿ ಎತ್ತಿಕೊಳ್ಳುತ್ತ.

ಬಸಲಿಂಗವ್ವ ಆಗಲೇ ಮನೆಯ ದಾರಿ ಹಿಡಿದಿದ್ದಳು. ಕಟ್ಟೆ ಹತ್ತಿ, ಬೆಂಚಿನ ಮೇಲಿದ್ದ ರಾಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕುರ್ಚಿಯ ಮೇಲೆ ಕುಳಿತಳು.